ತೊಳೆಯದ ಲೋಟ

ರೂಜೆನಾ,

ಹೆಸರಿನ ಹಿಂದೆ ಮುಂದೆ ಏನು ಸೇರಿಸಬೇಕೆಂದು ತಿಳಿಯದೆ ಬರೀ ಹೆಸರಿನಲ್ಲೇ ಕರೆದಿದ್ದೇನೆ. ಈ ಕಾಗದ ನಿನಗೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗೆ ಸಿಗುತ್ತದೆ. ಜೊತೆಗಿರುವ ಅರ್ಜಿಯಲ್ಲಿ ನಿನ್ನ ಸಹಿ ಬೇಕು. ಎಲ್ಲಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಓದಿ ಮುಗಿಸಿದ ಮೇಲೆ ಸಹಿ ಹಾಕು. ಮೊದಲೇ ಹಾಕಿಬಿಟ್ಟರೆ ನೀನು ಇದನ್ನು ಓದುವುದಿಲ್ಲ, ನಿನ್ನ ಸ್ವಭಾವ ಈಗ ಸ್ವಲ್ಪ ತಿಳಿದಿದೆ.

ಹತ್ತು ಗಂಟೆಗೆ ವ್ಯಾನು ಬರುತ್ತದೆ. ಚೀಲ ಬಾಗಿಲ ಬಳಿ ಇದೆ. ಲಿವಿಯಾ ಶಾಲೆಗೆ ಹೋದಳು. ಹೋಗುವಾಗ ಕೆನ್ನೆಗೆ ಮುತ್ತು ಕೊಟ್ಟು, "ಔಷಧಿ ತಗೊಂಡ್ಯಾ ಅಮ್ಮಾ?" ಎಂದು ಕೇಳಿದಳು. ಆ ಪ್ರಶ್ನೆ ನಿನ್ನದು. ಎರ್ವಿನನಿಗೆ ನೀನು ಹಾಗೆ ಕೇಳುವುದನ್ನು ನಾನು ಕೇಳಿದ್ದೇನೆ.

ನಾವಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕೆಂದು ರಿಮಾವ್‌ಸ್ಕಾ ಸೊಬೊತಾದ ಇಡೀ ಊರು ನಮಗಿಂತ ಚೆನ್ನಾಗಿ ಬಲ್ಲದು. ಸವತಿ ಎನ್ನೋಣವೆಂದರೆ ನೀನು ಎರ್ವಿನನ ಜೀವನಕ್ಕೆ ಬರುವ ಮೊದಲೇ ನನ್ನ ವಿಚ್ಛೇದನ ಮುಗಿದಿತ್ತು. ಎರ್ವಿನ್ ತನಗಿಂತ ದೊಡ್ಡವಳನ್ನು ಕಟ್ಟಿಕೊಂಡನೆಂದು ಪೇಟೆಯಲ್ಲಿ ಜನ ನಕ್ಕಾಗ ನಾನೂ ನಕ್ಕಿದ್ದೆ. ಕೆಲಸಕ್ಕೆ ಹೋಗುವ ವ್ಯಾನಿನಲ್ಲಿ ನನ್ನ ಜೊತೆಗಾತಿ ಮಾರ್ಗಿತಾ, "ಬಿಡೇ ಬೆತಾ, ಅವನಿಗೆ ಹೆಂಡ್ತಿ ಬೇಡ, ಅಮ್ಮ ಬೇಕಿತ್ತು, ಸಿಕ್ಕಿದ್ಲು" ಎಂದಿದ್ದಳು. ಗಡಿ ದಾಟುವವರೆಗೂ ಅದೇ ಮಾತು, ಅದೇ ನಗು. ಆ ಅಮ್ಮ ನನ್ನ ಮಗಳಿಗೂ ಆಗಿಬಿಡುತ್ತಾಳೆಂದು ನಗುತ್ತಿದ್ದವರು ಯಾರೂ ಎಣಿಸಿರಲಿಲ್ಲ.

ನಮ್ಮ ಕೆಲಸ ಹೇಗೆಂದು ನಿನಗೆ ಗೊತ್ತು. ಎರಡು ವಾರ ಆಸ್ಟ್ರಿಯಾದಲ್ಲಿ ಮುದುಕರ ಮನೆ, ಎರಡು ವಾರ ಇಲ್ಲಿ. ನಾನು ಬಿಟ್ಟ ಹಾಸಿಗೆಗೆ ಇನ್ನೊಬ್ಬಳು, ಅವಳು ಬಿಟ್ಟ ಹಾಸಿಗೆಗೆ ನಾನು. "ನಮ್ಗೆ ಎರಡೆರಡು ಮನೆ ಕಣ್ರೇ, ಎರಡೂ ಕಡೆ ಸಿಗೋದು ಅಡುಗೆಮನೆ ಮಾತ್ರ" ಎನ್ನುವುದು ಮಾರ್ಗಿತಾಳ ಹಳೆಯ ಮಾತು. ಆ ದೇಶದಲ್ಲಿ ದುಡಿಯುವ ತಾಯಂದಿರಿಗೆ, ಮಗು ಇಲ್ಲೇ ಬೆಳೆಯುತ್ತಿದ್ದರೂ, ಆ ಸರ್ಕಾರ ಮಕ್ಕಳ ಭತ್ಯೆ ಕೊಡುತ್ತದೆ. ವರ್ಷಕ್ಕೊಮ್ಮೆ ಕಾಗದ ಬರುತ್ತದೆ. ಮಗು ಬದುಕಿದೆಯೇ, ಶಾಲೆಗೆ ಹೋಗುತ್ತಿದೆಯೇ, ನಿಮ್ಮ ಮನೆಯಲ್ಲೇ ವಾಸವಾಗಿದೆಯೇ? ಹೌದು, ಹೌದು, ಹೌದು. ನನ್ನ ಜೀವನದಲ್ಲಿ ಯೋಚಿಸದೆ ಉತ್ತರ ಕೊಡುತ್ತಿದ್ದ ಪ್ರಶ್ನೆಗಳು ಇವು ಮಾತ್ರ.

ಅಮ್ಮ ಇದ್ದಷ್ಟು ಕಾಲ ಅದರಲ್ಲಿ ಸುಳ್ಳಿರಲಿಲ್ಲ. ನಾನಿಲ್ಲದ ವಾರಗಳಲ್ಲಿ ಮೊಮ್ಮಗಳನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಇದೇ ಮೇಜಿನ ಸುತ್ತ ಕೂತು ನಾವು ಒಪ್ಪಂದ ಮಾಡಿಕೊಂಡೆವು. ಎರ್ವಿನ್ ನೆಲ ನೋಡುತ್ತಿದ್ದ. ಮಾತಾಡಿದ್ದು ನಾವಿಬ್ಬರೇ. ನನ್ನದು ಒಂದೇ ಷರತ್ತಾಗಿತ್ತು. ಮಗುವಿನ ಹಾಸಿಗೆ ಬದಲಾಗಬಾರದು. ನಾನಿಲ್ಲದ ವಾರಗಳಲ್ಲಿ ನೀನೇ ಇಲ್ಲಿಗೆ ಬಂದು ಮಲಗಬೇಕು. ನೀನು, "ಆಯ್ತು ಬೆತಾ, ಬರ್ತೀನಿ. ನಂಗೇನು, ಎಲ್ಲಿ ಮಲಗಿದ್ರೂ ನಿದ್ದೆ ಬರುತ್ತೆ" ಎಂದೆ.

ಆಮೇಲೆ ನಾನು ಮನೆಗೆ ಬಂದಾಗಲೆಲ್ಲ ಮನೆ ಬೆಚ್ಚಗಿರುತ್ತಿತ್ತು. ಒಲೆಯ ಮೇಲೆ ಶಾವಿಗೆ ಹಾಕಿದ ಕೋಳಿ ಸೂಪು. ಕುರ್ಚಿಯ ಮೇಲೆ ಲಿವಿಯಾ ಬಿಚ್ಚಿ ಎಸೆದ ಸ್ವೆಟರು. ಸಿಂಕಿನಲ್ಲಿ ತೊಳೆಯದ ಒಂದು ಲೋಟ, ತಳದಲ್ಲಿ ಒಣಗಿದ ಕೋಕೋ. ಆ ಲೋಟಕ್ಕಾಗಿ ನಾನು ಪ್ರತಿ ಸಲ ಬಯ್ಯುತ್ತಿದ್ದೆ. "ಎರಡು ವಾರ ಬಿಟ್ಟು ಅಮ್ಮ ಬರ್ತಾಳೆ, ಒಂದು ಲೋಟ ತೊಳೆಯೋಕಾಗಲ್ವೇನೇ ನಿಂಗೆ? ರಾಜಕುಮಾರಿ." ಅವಳು ತುಟಿ ಕಚ್ಚಿಕೊಂಡು ತೊಳೆಯುತ್ತಿದ್ದಳು. ಒಂದು ದಿನವೂ ಎದುರಾಡಲಿಲ್ಲ. ಬಯ್ಯುವುದೂ ಒಂದು ಸುಖ ರೂಜೆನಾ. ಬಯ್ಯುವಾಗ ಇದು ನನ್ನ ಮನೆ ಅನ್ನಿಸುತ್ತಿತ್ತು.

ಫೋನಿನಲ್ಲಿ ನಾಯಿ ಬೊಗಳಿದರೆ ಲಿವಿಯಾ ಪಕ್ಕದ ಮನೆಯದು ಎನ್ನುತ್ತಿದ್ದಳು. ಕೋಟಿನ ಮೇಲೆ ಬಿಳಿ ಕೂದಲು ಕಂಡರೆ ಗೆಳತಿಯ ಮನೆ ನಾಯಿಯದು ಎನ್ನುತ್ತಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಾನು ಮುದುಕರ ಉಗುರಿನ ಬಣ್ಣ ನೋಡಿ ಜ್ವರ ಹೇಳುವವಳು. ಮಗಳ ಕೋಟಿನ ಮೇಲಿನ ಕೂದಲನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು ಸುಮ್ಮನಾದೆ.

ಹೋದ ತಿಂಗಳು ನಾನು ನೋಡಿಕೊಳ್ಳುತ್ತಿದ್ದ ಲೈಟ್ನರ್ ಅಜ್ಜ ತೀರಿಹೋದರು. ಬೆಳಗಿನ ಕಾಫಿಗೆ ಬ್ರೆಡ್ಡು ಅದ್ದುತ್ತಿದ್ದವರು ಹಾಗೇ ಕುರ್ಚಿಗೆ ಒರಗಿದರು. ನಮ್ಮಲ್ಲಿ ಮುದುಕ ಹೋದರೆ ಕೆಲಸವೂ ಹೋಯಿತು. ಮಣ್ಣಾಗುವ ತನಕ ಇರು ಎನ್ನುವವರು ಯಾರೂ ಇಲ್ಲ, ನಾವಿದ್ದ ಕೋಣೆಗೆ ನೆಂಟರು ಬರುತ್ತಾರೆ. ಮರುದಿನದ ವ್ಯಾನಿನಲ್ಲಿ ಒಂದು ಸೀಟು ಸಿಕ್ಕಿತು. ಪಾಳಿಯ ನಡುವೆ ಮನೆಗೆ ಹೊರಟವಳು ಮೊದಲು ಫೋನು ಮಾಡಬೇಕು, ವ್ಯಾನಿನ ಹೆಂಗಸರೆಲ್ಲ ಹಾಗೆ ಮಾಡುತ್ತಾರೆ. "ಹೇಳದೆ ಹೋಗ್ಬೇಡ್ರೇ. ಗಂಡಂದಿರ ಮರ್ಯಾದೆ, ನಮ್ಮ ನೆಮ್ಮದಿ, ಎರಡೂ ಉಳಿಯುತ್ತೆ" ಎಂದು ಮಾರ್ಗಿತಾ ಹೊಸಬರಿಗೆ ಕಲಿಸುವ ಮೊದಲ ಪಾಠವೇ ಅದು. ನನಗೆ ಗಂಡನಿಲ್ಲ, ಭಯವೇನು ಎಂದುಕೊಂಡೆ. ಲಿವಿಯಾಳಿಗೆ ಇಷ್ಟವಾದ ವೇಫರ್ ಪೊಟ್ಟಣ ಕೊಂಡೆ. ಬಾಗಿಲು ತೆರೆದು ಅವಳು ಕಿರುಚುವುದನ್ನು ದಾರಿಯುದ್ದಕ್ಕೂ ಕಲ್ಪಿಸಿಕೊಂಡೆ.

ಬಾಗಿಲು ತೆರೆದದ್ದು ನಾನೇ. ಮಧ್ಯಾಹ್ನ. ಒಳಗೆ ಹೊರಗಿಗಿಂತ ಚಳಿ. ಹೀಟರು ಆರಿತ್ತು. ಲಿವಿಯಾಳ ಬೂಟುಗಳಿರಲಿಲ್ಲ. ಹಾಸಿಗೆ ಹೋಟೆಲಿನಲ್ಲಿ ಹಾಸುವಂತೆ ಮಡಿಕೆಯಿಲ್ಲದೆ ಹಾಸಿತ್ತು. ನೀನು ಮಲಗಬೇಕಿದ್ದ ಸೋಫಾದ ಮೇಲೆ ತೆಳ್ಳನೆಯ ಧೂಳು. ಫ್ರಿಜ್ಜಿನ ಬಾಗಿಲನ್ನು ವಾಸನೆ ಬಾರದಿರಲಿ ಎಂದು ನೀನು ಬಟ್ಟೆ ಸಿಕ್ಕಿಸಿ ತೆರೆದಿಟ್ಟಿದ್ದೆ. ಸಿಂಕನ್ನು ಮುಟ್ಟಿ ನೋಡಿದೆ. ಒಣಗಿತ್ತು.

ಕಾಲಿಗೆ ಜೋಮು ಹಿಡಿದರೆ ಕಾಲು ಇದೆ ಎಂದು ಗೊತ್ತು, ಆದರೆ ಅದು ನಮ್ಮದಲ್ಲ. ಅವತ್ತು ನನಗೆ ಇಡೀ ಮೈ ಹಾಗಾಯಿತು, ಇನ್ನೂ ಪೂರ್ತಿ ಬಿಟ್ಟಿಲ್ಲ. ಅಳು ಬಂದಿದ್ದರೆ ಚೆನ್ನಾಗಿತ್ತು. ಕೋಟು ಬಿಚ್ಚದೆ ನಿಮ್ಮ ಮನೆಯವರೆಗೆ ನಡೆದೆ. ಗೇಟಿನ ಬಳಿ ಬಿಳಿ ನಾಯಿ ನನ್ನನ್ನು ನೋಡಿ ಬೊಗಳಿತು. ದನಿ ಫೋನಿನಲ್ಲಿ ಕೇಳಿದ್ದೇ.

ನೀವಿಬ್ಬರೂ ಹಜಾರದಲ್ಲಿ ಅಕ್ರೋಟು ಒಡೆಯುತ್ತಿದ್ದಿರಿ. ಲಿವಿಯಾ ಏನೋ ಹೇಳಿ ನಗುತ್ತಿದ್ದಳು, ಬಾಯಿ ತುಂಬ ತಿರುಳು. ನನ್ನನ್ನು ಕಂಡು ಅವಳು ಆಡಿದ ಮೊದಲ ಮಾತು, "ಅಮ್ಮಾ, ಇದು ನಿನ್ನ ವಾರ ಅಲ್ವಲ್ಲ." ತಪ್ಪು ಹುಡುಕಿದ್ದಲ್ಲ, ನಿಜಕ್ಕೂ ಗಲಿಬಿಲಿಯಾಗಿ ಹೇಳಿದ್ದು. ನೀನು ಎದ್ದು ನಿಂತೆ. ಮಡಿಲಿನ ಸಿಪ್ಪೆಯೆಲ್ಲ ನೆಲಕ್ಕೆ ಬಿತ್ತು.

ನಿನ್ನ ಮಾತು ಒಂದೂ ಮರೆತಿಲ್ಲ. "ಅವಳಿಗೆ ಅಲ್ಲಿ ಹೆದರಿಕೆ ಆಗ್ತಿತ್ತು ಬೆತಾ. ಅಜ್ಜಿ ಕೋಣೆ ಬಾಗಿಲು ನೋಡ್ಕೊಂಡು ಕೂತಿರೋಳು, ಊಟ ಸೇರ್ತಿರಲಿಲ್ಲ. ಒಂದಿನದ ಮಟ್ಟಿಗೆ ಅಂತ ಕರ್ಕೊಂಡು ಬಂದೆ. ಆಮೇಲೆ ಅವಳೇ ಹೋಗಲ್ಲ ಅಂದ್ಲು. ನಿಂಗೆ ಹೇಳಿದ್ರೆ ಅಲ್ಲಿ ನಿನ್ನ ಕೈ ಕಾಲು ಆಡ್ತಿರಲಿಲ್ಲ. ನೀನು ಬರೋ ಹಿಂದಿನ ದಿನ ಹೋಗಿ ಹೀಟರ್ ಹಾಕ್ತಿದ್ದೆ." ನಾನು ಲೋಟದ ಬಗ್ಗೆ ಕೇಳಿದೆ. ಬೇರೆ ಏನನ್ನೂ ಕೇಳಲು ತೋಚಲಿಲ್ಲ. ಲಿವಿಯಾಳೇ ಹೇಳಿದಳು, "ನಾನು ಕೋಕೋ ಕುಡಿಯೋದು ಬಿಟ್ಟು ಎಷ್ಟೋ ದಿನ ಆಯ್ತಮ್ಮ. ಅದನ್ನ ರೂಜೆನಾ ಇಡ್ತಿದ್ರು. ಮನೆ ಖಾಲಿ ಅನ್ನಿಸ್ಬಾರ್ದು ಅಂತ."

ಖಾಲಿ ಮನೆಯಲ್ಲಿ ಕೂತು ಒಬ್ಬಳೇ ಕೋಕೋ ಮಾಡಿ ಕುಡಿದು, ಲೋಟ ತೊಳೆಯದೆ ಸಿಂಕಿನಲ್ಲಿಟ್ಟು ಹೋಗುವ ಹೆಂಗಸನ್ನು ನಾನು ಈ ವಾರಗಳಲ್ಲಿ ಬಹಳ ಸಲ ನೆನೆದೆ. ನಿನ್ನನ್ನು ದ್ವೇಷಿಸಲು ಪ್ರಯತ್ನಪಟ್ಟೆ, ಸುಳ್ಳು ಯಾಕೆ ಹೇಳಲಿ. ಅಮ್ಮ ಇದ್ದಿದ್ದರೆ ನನ್ನ ಪರವಾಗಿ ನಾಲ್ಕು ಮಾತು ಬಯ್ಯುತ್ತಿದ್ದಳು. ನನಗೆ ಒಂದೂ ಹೊಳೆಯಲಿಲ್ಲ.

ಲಿವಿಯಾ ಅವತ್ತೇ ಚೀಲ ತುಂಬಿಕೊಂಡು ನನ್ನ ಜೊತೆ ಬಂದಳು. ಮೂರನೆಯ ದಿನ ತಿಂಡಿ ತಿನ್ನುವಾಗ ಕೇಳಿದೆ, ನಿನಗೆ ಎಲ್ಲಿರಬೇಕು ಅನ್ನಿಸುತ್ತದೆ ಎಂದು. ಬೆಣ್ಣೆ ಸವರುವುದನ್ನು ನಿಲ್ಲಿಸದೆ, "ನೀನಿದ್ದಾಗ ಇಲ್ಲಿ. ನೀನಿಲ್ದೇ ಇದ್ದಾಗ ಅಲ್ಲಿ. ಇದ್ರಲ್ಲಿ ಕೇಳೋದೇನಿದೆ?" ಎಂದಳು. ಅವಳ ಮಟ್ಟಿಗೆ ನಿಜಕ್ಕೂ ಏನೂ ಇರಲಿಲ್ಲ. ಅವಳು ಈ ಮನೆಯಲ್ಲೇ ಇರುವುದು ಬೇಕಿದ್ದದ್ದು ನನಗೆ. ನಾನಿಲ್ಲದಾಗ ನನ್ನ ಮನೆಯಲ್ಲಿ ನನ್ನ ಮಗಳು ಕಾಯುತ್ತಿದ್ದಾಳೆ ಎಂಬ ಒಂದೇ ಬಲದಿಂದ ಬೇರೆಯವರ ಅಪ್ಪ ಅಮ್ಮಂದಿರನ್ನು ಎತ್ತಿ ಕೂರಿಸಿದವಳು ನಾನು.

ಆ ವಾರವೇ ಭತ್ಯೆಯ ಕಾಗದ ಬಂತು. ಎಂದಿನಂತೆ ಪುರಸಭೆಯಲ್ಲಿ ಮೊಹರು ಹಾಕಿಸಲು ಹೋದೆ. ಮಗು ಯಾರ ಮನೆಯಲ್ಲಿ ವಾಸ ಎಂಬ ಕಡೆ ಪೆನ್ನು ನಿಂತಿತು. ಕಿಟಕಿಯ ಆಚೆಗಿದ್ದ ಹೆಂಗಸು ಕಾದು ಕಾದು, "ಏನಮ್ಮಾ, ಮಗಳ ವಿಳಾಸ ಮರ್ತೋಯ್ತಾ?" ಎಂದಳು. ಎರಡು ಮನೆಯ ಕಥೆ ಹೇಳಿದೆ. ಅವಳು ಕನ್ನಡಕ ತೆಗೆದು, ಮೆಲ್ಲಗೆ, "ಹುಡುಗಿ ಎಲ್ಲಿರ್ತಾಳೋ ಅದನ್ನ ಬರೀರಿ. ಎಲ್ಲಿರ್ಬೇಕಿತ್ತು ಅಂತ ಕೇಳಿಲ್ಲ ಅವರು" ಎಂದಳು. ಹಿಂದೆ ಸಾಲು ಬೆಳೆದಿತ್ತು. ಕಾಗದ ಮಡಿಸಿಕೊಂಡು ವಾಪಸು ಬಂದೆ.

ನಿನ್ನೆ ತುಂಬಿದೆ. ನಿಮ್ಮ ಮನೆಯ ವಿಳಾಸ ಬರೆದಿದ್ದೇನೆ. ಭತ್ಯೆ ಇನ್ನು ನಿನ್ನ ಹೆಸರಿಗೆ ಬರಲಿ, ಎರ್ವಿನನ ಕೈಗೆ ಬೇಡ. ಬೇಡವೆನ್ನಬೇಡ. ಮಗುವಿಗೂ ನಿನಗೂ ಏನು ಸಂಬಂಧ ಎಂದು ಕೇಳುವ ಒಂದು ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಮಲತಾಯಿ ಎಂದು ಬರೆಯಲು ಹೋದೆ. ಕೈ ಬರಲಿಲ್ಲ, ಆ ಮಾತು ನಿನಗೆ ಒಗ್ಗುವುದಿಲ್ಲ. ನೀನೇ ಬರೆದುಕೋ. ತಾಯಿ ಎಂದು ಬರೆದರೂ ಜಗಳಕ್ಕೆ ಬರುವುದಿಲ್ಲ. ಮುಂದೊಂದು ದಿನ ಬಂದೇನು. ಈಗ ಶಕ್ತಿಯಿಲ್ಲ.

ಮತ್ತೆ ಯಾಕೆ ಹೋಗುತ್ತಿದ್ದೀ ಎಂದು ಎರ್ವಿನ್ ಕೇಳಿದ. ಈ ಊರಿನಲ್ಲಿ ನನಗೆ ಕೆಲಸ ಎಲ್ಲಿದೆ ಎಂದು ಅವನಿಗೆ ಹೇಳಿದೆ, ಅದೂ ನಿಜವೇ. ನಿನಗೆ ಇನ್ನೊಂದು ಹೇಳುತ್ತೇನೆ. ಇಲ್ಲಿ ಕೂತರೆ ದಿನಾ ಸಂಜೆ ಮಗಳ ಮುಖದಲ್ಲಿ ನಿಮ್ಮ ಮನೆಯನ್ನು ಹುಡುಕುತ್ತೇನೆ. ಅದು ಅವಳಿಗೆ ಒಳ್ಳೆಯದಲ್ಲ. ಈ ಸಲದ್ದು ಹೊಸ ಮನೆ, ಅಜ್ಜಿಯೊಬ್ಬಳು, ಮಾತು ನಿಂತಿದೆಯಂತೆ. ಪರವಾಗಿಲ್ಲ, ನನಗೂ ಮಾತು ಬೇಕಾಗಿಲ್ಲ.

ಎರಡು ಕೆಲಸ ನಡೆಸಿಕೊಡು. ನಾನು ಬರುವ ಹಿಂದಿನ ದಿನ ಹೀಟರು ಹಾಕಬೇಡ, ಸೂಪು ಇಡಬೇಡ. ಮನೆ ತಣ್ಣಗೇ ಇರಲಿ. ನಾನೇ ಬಂದು ಬೆಚ್ಚಗೆ ಮಾಡುತ್ತೇನೆ. ಬೆಚ್ಚಗಾದ ಮೇಲೆ ಫೋನು ಮಾಡುತ್ತೇನೆ, ಲಿವಿಯಾ ಆಗ ಬರಲಿ, ಅವಳಿಗೆ ಬರಬೇಕೆನಿಸಿದರೆ.

ಇನ್ನೊಂದು, ಸಿಂಕಿನಲ್ಲಿ ನನ್ನ ಕಾಫಿ ಲೋಟ ಇದೆ. ಈಗ ಕುಡಿದದ್ದು. ಮರೆತು ಬಿಟ್ಟದ್ದಲ್ಲ. ತೊಳೆಯಬೇಡ. ನಾನು ಬರುವ ತನಕ ಅದು ಅಲ್ಲೇ ಇರಲಿ.

ಕೆಳಗೆ ವ್ಯಾನಿನ ಹಾರ್ನ್ ಕೇಳಿಸುತ್ತಿದೆ. ನನ್ನ ಮಗಳಿಗೆ ಅಕ್ರೋಟು ಬಿಡಿಸಿಕೊಟ್ಟ ನಿನ್ನ ಕೈಗಳನ್ನು ದೇವರು ಬೆಚ್ಚಗಿಡಲಿ.

ಇಂತಿ,
ಬೆತಾ