ಐದನೆಯ ತೂತು

ಡೊಂಬಿವಲಿ
ನವೆಂಬರ್ ೧೯೮೫

ಗೆಳೆಯ ಜಯಶೀಲನಿಗೆ ಅಮೃತಪ್ಪನ ಪ್ರೀತಿಯ ನಮಸ್ಕಾರ.

ವಾರಿಜಾ ವೈನಿಯ ಕೈಯಲ್ಲಿ ನೀನು ಕಳಿಸಿದ, ಅಂದು ಗುಂಡು ಹೊಡೆದ ಆ ಹಳೆಯ ಗುರಿಹಾಳೆ ತಲುಪಿ ಹನ್ನೊಂದು ದಿನವಾಯಿತು. ಸಾನಪಾಡಾದಲ್ಲಿ ತೆರೆಯುವ ನಿನ್ನ ಸ್ವಂತ ಹೋಟೆಲಿನ ಗೋಡೆಗೆ ಅದನ್ನು ಗಾಜು ಹಾಕಿಸಿ ತೂಗುಹಾಕಬೇಕು, ಕೆಳಗೆ ನಾನು ಒಂದು ಸಾಲು ಬರೆದುಕೊಡಬೇಕು ಎಂದು ಹೇಳಿಕಳಿಸಿದ್ದೆ. "ಆವತ್ತು ಎಣಿಸಿದ್ದು ಅವನೇ ಅಲ್ವಾ, ಅವನೇ ಬರೀಲಿ. ಐದಕ್ಕೆ ಐದು ಅಂತ ದೊಡ್ಡ ಅಕ್ಷರದಲ್ಲಿ ಬರೀಲಿಕ್ಕೆ ಹೇಳು" ಎಂದೆಯಂತೆ. ವೈನಿ ನಿನ್ನ ದನಿಯಲ್ಲೇ ಹೇಳಿ ನಕ್ಕರು. ನಾನು ತಲೆಯಾಡಿಸಿದೆ. ಅವರಿಗೆ ಚಹಾ ಕೊಡುವುದನ್ನೂ ಮರೆತೆ. ಅವರ ಕ್ಷಮೆ ಕೇಳಿದ್ದೇನೆಂದು ಹೇಳು.

ಒಂದು ಸಾಲು ಬರೆಯಲು ಹನ್ನೊಂದು ದಿನ ಏಕೆ ಬೇಕಾಯಿತು ಎಂಬುದನ್ನು ಹೇಳಲು ಈ ಪತ್ರ. ಇದನ್ನು ಗಲ್ಲಾದ ಮುಂದೆ ನಿಂತುಕೊಂಡು ಓದಬೇಡ. ಒಳಗೆ ಹೋಗಿ ಕುಳಿತು ಓದು.

ಟೆರಿಟೋರಿಯಲ್ ಆರ್ಮಿಗೆ ಹೆಸರು ಕೊಡಲು ನನ್ನನ್ನು ಎಳೆದುಕೊಂಡು ಹೋದವನು ನೀನೇ. ಆಗ ನೀನು ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದೆ, ನಾನು ಬಣ್ಣದ ಕಾರ್ಖಾನೆಯಲ್ಲಿ ಚೀಲ ಹೊಲಿಯುತ್ತಿದ್ದೆ. "ಬ್ಯಾಡೋ ಜಯಶೀಲ, ನನಗ ಮಂದಿ ಮುಂದ ಮಾತಾಡಾಕ ಬರಂಗಿಲ್ಲ" ಎಂದು ನಾನು ಅಂದರೆ, "ಅಲ್ಲಿ ಮಾತಾಡುವುದು ಬಂದೂಕು ಮಾರಾಯ, ನೀನಲ್ಲ" ಎಂದೆ. ಮೇಜಿನ ಹಿಂದಿದ್ದ ಸಾಹೇಬರು ಹೆಸರು ಕೇಳಿದಾಗ ನನ್ನ ನಾಲಿಗೆ ಏಳಲೇ ಇಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದ ನೀನು ತಲೆ ತೂರಿಸಿ, "ಸಾಬ್, ಇಸ್ಕಾ ನಾಮ್ ಅಮೃತಪ್ಪ. ಚೌಥಿ ಪಾಸ್. ಬೋಲ್ತಾ ಕಮ್ ಹೈ, ಸುನ್ತಾ ಬರಾಬರ್ ಹೈ" ಎಂದೆ. ಮಾತು ಕಮ್ಮಿಯಾದರೂ ಕಿವಿ ಸರಿಯಿದೆ ಎಂಬುದನ್ನು ಕೇಳಿ ಸಾಹೇಬರು ನಕ್ಕು ಬರೆದುಕೊಂಡರು. ನನ್ನ ಸಿಪಾಯಿಗಿರಿ ನಿನ್ನ ಬಾಯಿಂದ ಶುರುವಾಯಿತು.

ವಾರವೆಲ್ಲ ಹೊಟ್ಟೆಪಾಡು, ರವಿವಾರ ಪರೇಡು. ಆ ರವಿವಾರಗಳ ಹಾಗೆ ಮತ್ತೆ ಯಾವ ದಿನವೂ ನನಗೆ ಬರಲಿಲ್ಲ. ಮೊದಲ ರೈಲುಗಾಡಿಯಲ್ಲಿ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ನಿಂತರೆ, ದಿನವೂ ನನ್ನನ್ನು ಮೊಳಕೈಯಿಂದ ತಳ್ಳುತ್ತಿದ್ದ ಜನರೇ ಸರಿದು ಜಾಗ ಬಿಡುತ್ತಿದ್ದರು. ಹವಾಲ್ದಾರ ಶೇಲಾರ ಉಸ್ತಾದರು ಎರಡು ತಿಂಗಳು ನಮಗೆ ಗುಂಡನ್ನೇ ತೋರಿಸಲಿಲ್ಲ. ನೆಲದ ಮೇಲೆ ಬೋರಲು ಮಲಗಿಸಿ, ಖಾಲಿ ಬಂದೂಕಿನ ನಳಿಗೆಯ ತುದಿಯಲ್ಲಿ ಐದು ಪೈಸೆಯ ಚೌಕ ನಾಣ್ಯ ಇಡುತ್ತಿದ್ದರು. ಬೆರಳಿನಿಂದ ಬಂದೂಕಿನ ಕುದುರೆ ಒತ್ತಿದಾಗ ನಾಣ್ಯ ಬೀಳಬಾರದು. ನನ್ನದು ಪ್ರತಿ ಸಲ ಬೀಳುತ್ತಿತ್ತು. ನಿನ್ನದು ಮೂರನೆಯ ರವಿವಾರವೇ ನಿಂತಿತು. "ಕೈಸೆ ಕಿಯಾ ರೇ ಡೋಸಾವಾಲಾ?" ಎಂದು ಉಸ್ತಾದರು ಕೇಳಿದರೆ, ಕಾವಲಿಯ ಮೇಲೆ ಹಿಟ್ಟು ತಿರುವುವಾಗ ಉಸಿರು ಹಿಡಿದೇ ಅಭ್ಯಾಸ ಎಂದು ನೀನು ಹೇಳಿದೆ. ಮುಂದಿನ ವಾರ ಅವರು ಇಡೀ ತುಕಡಿಗೆ, "ಸಾಂಸ್ ರೋಕೋ, ಡೋಸಾ ಡಾಲೋ", ಉಸಿರು ಹಿಡಿದು ದೋಸೆ ಹುಯ್ಯಿರಿ, ಎಂದು ಕೂಗಿ ಕಲಿಸಿದರು.

ಅದೇ ಹೊತ್ತಿಗೆ ವಾರಿಜಾ ವೈನಿಯ ಜೊತೆ ನಿನ್ನ ಮದುವೆಯ ಮಾತು ನಡೆದಿತ್ತು. ಠಾಣೆ ಊರಿನ ತಮ್ಮ ಹೋಟೆಲಿನಲ್ಲಿ ಅವರ ತಂದೆ ಮಧ್ವರಾಜರು ನಮ್ಮಿಬ್ಬರಿಗೂ ಕಾಫಿ ಕೊಡಿಸಿ, ನಿನ್ನನ್ನಲ್ಲ, ನನ್ನನ್ನು ನೋಡಿಕೊಂಡು ಹೇಳಿದರು: "ಆದಿತ್ಯವಾರ ಮಾತ್ರ ಸಿಪಾಯಿ, ಉಳಿದ ದಿನ ದೋಸೆ. ಅದೂ ಪೂರ್ತಿ ಇಲ್ಲ, ಇದೂ ಪೂರ್ತಿ ಇಲ್ಲ. ಯಾವುದಾದರೂ ಒಂದನ್ನು ಪೂರ್ತಿ ಮಾಡಿ ತೋರಿಸ್ಲಿಕ್ಕೆ ಹೇಳಿ ಇವನಿಗೆ. ಐದಕ್ಕೆ ಐದು ಹೊಡೀಲಿ, ಆಮೇಲೆ ನೋಡುವ." ನೀನು ಕಾಫಿ ಮುಗಿಸಿ, "ಹೊಡೀತೇನೆ" ಎಂದಷ್ಟೇ ಹೇಳಿದೆ. ವಾಪಸು ಬರುವ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ನೀನು ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎಪ್ಪತ್ತಾರರ ಫೆಬ್ರವರಿ, ಕಲ್ಯಾಣದ ಆಚೆಯ ಗುಡ್ಡದ ಬುಡದಲ್ಲಿ ಐದೈದು ಗುಂಡಿನ ಪರೀಕ್ಷೆ. ಬೆಳಿಗ್ಗೆ ನನ್ನ ಗುಂಪು ಗುಂಡು ಹೊಡೆದಾಗ ನಿನ್ನ ಗುಂಪು ಗುರಿಹಲಗೆಗಳ ಕೆಳಗಿನ ಕಂದಕದಲ್ಲಿತ್ತು. ಐದು ಗುಂಡು ಮುಗಿದ ಮೇಲೆ ಹಲಗೆ ಇಳಿಸುವುದು, ತೂತು ಎಣಿಸುವುದು, ತಗುಲಿದ್ದಕ್ಕೆ ಕೋಲು ಎತ್ತುವುದು, ತಪ್ಪಿದ್ದಕ್ಕೆ ಕೆಂಪು ಬಾವುಟ ಬೀಸುವುದು. ನನ್ನ ಪಾಲಿಗೆ ನಾಲ್ಕು ಸಲ ಕೆಂಪು ಬಾವುಟ ಬೀಸಿತು. ಆದರೆ ತಗುಲಿದ ಆ ಒಂದಕ್ಕೆ ನೀನು ಕೋಲನ್ನು ಮೇಲೆತ್ತಿ ಕುಣಿಸಿದೆಯಲ್ಲ! ಉಸ್ತಾದರು ಬೈದರೂ ನಿಲ್ಲಿಸಲಿಲ್ಲ. ನಾಲ್ಕು ಸೋಲು ಮರೆತು ನಾನು ನೆಲದ ಮೇಲೆ ಮಲಗಿದಲ್ಲೇ ನಕ್ಕೆ.

ಆಮೇಲೆ ಪಾಳಿ ಬದಲಾಯಿತು. ನಾನು ಕಂದಕಕ್ಕೆ ಇಳಿದೆ. ಬೆಳಿಗ್ಗೆಯಷ್ಟೇ ಹಚ್ಚಿದ್ದ ಹೊಸ ಹಾಳೆಯ ಮೇಲೆ ನನ್ನದೊಂದೇ ತೂತು, ನಡುವಿನ ಕಪ್ಪು ಬೊಟ್ಟಿನ ಅಂಚಿನಲ್ಲಿ. ನಿನ್ನ ಎಣಿಕೆಗೆ ಬೆರೆಯದಿರಲೆಂದು ಅದರ ಮೇಲೆ ಬೆಂಕಿಪೆಟ್ಟಿಗೆಯ ಲೇಬಲಿನಷ್ಟು ಕಪ್ಪು ಕಾಗದದ ತೇಪೆ ಹಚ್ಚಿದೆ. ಹೋಟೆಲಿನಿಂದ ಮೈದಾ ಅಂಟು ಕಾಯಿಸಿ ತಂದವನು ನೀನು. ನಿಮ್ಮ ಹೋಟೆಲಿನ ಸಾಂಬಾರಿನಷ್ಟೇ ನೀರಾಗಿತ್ತು. ತೇಪೆಯ ಒಂದು ಮೂಲೆ ಗಾಳಿಗೆ ಏಳುತ್ತಲೇ ಇತ್ತು. ಹಾಗೆಯೇ ಹಲಗೆ ಏರಿಸಿದೆ. ನೀನು ಹೊಡೆದೆ. ತಲೆಯ ಮೇಲೆ ಐದು ಸಲ ಗಾಳಿ ಸೀಳಿತು. ಹಲಗೆ ಇಳಿಸಿ, ಎದ್ದಿದ್ದ ತೇಪೆಯ ಮೂಲೆಯನ್ನು ಅಂಗೈಯಿಂದ ಒತ್ತಿ ಕೂರಿಸಿ, ಎಣಿಸಿದೆ.

ನಾಲ್ಕು, ಜಯಶೀಲ.

ಮತ್ತೆ ಎಣಿಸಿದೆ. ನಾಲ್ಕೇ. ಕಂದಕದ ನಾಯಕ ಆಚೆಯ ಹಲಗೆಯ ಹತ್ತಿರ ಇದ್ದ. ನನ್ನ ಕಿಸೆಯಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಇರುತ್ತಿತ್ತು, ನಿನಗೆ ಗೊತ್ತು. ಮಧ್ವರಾಜರ ಮುಖ ನೆನಪಾಯಿತು. ಠಾಣೆಯಿಂದ ಬರುವಾಗಿನ ನಿನ್ನ ಮುಖವೂ ನೆನಪಾಯಿತು. ಪೆನ್ಸಿಲನ್ನು ಕಪ್ಪು ಬೊಟ್ಟಿನೊಳಗೆ ಚುಚ್ಚಿ, ತಿರುವಿ ತಿರುವಿ ಅಗಲ ಮಾಡಿದೆ. ಆಮೇಲೆ ಕೋಲನ್ನು ಐದು ಸಲ ಎತ್ತಿದೆ. ನಿನ್ನ ಹಾಗೆ ಕುಣಿಸುವ ಧೈರ್ಯ ಬರಲಿಲ್ಲ.

"ಪಾಂಚ್ ಮೆ ಪಾಂಚ್! ಶಾಬಾಸ್ ಡೋಸಾವಾಲಾ!" ಎಂದು ಉಸ್ತಾದರು ಆ ಹಾಳೆಯನ್ನು ಬಿಚ್ಚಿಸಿ ನಿನಗೇ ಕೊಟ್ಟರು. ಸ್ಟೇಷನ್ನಿಗೆ ನಡೆಯುವಾಗ ನೀನು ಅಂದೆ, "ಐದನೆಯದು ಬಿಡುವಾಗ ಕೈ ಅಲ್ಲಾಡಲೇ ಇಲ್ಲ ಮಾರಾಯ. ತಾಗಿತು ಅಂತ ನನಗೆ ಮಲಗಿದಲ್ಲಿಂದಲೇ ಗೊತ್ತಾಯ್ತು." ನಾನು ಬೂಟಿನ ದಾರ ಕಟ್ಟುವ ನೆಪ ಮಾಡಿ ಹಿಂದೆ ಉಳಿದೆ.

ಮೇ ತಿಂಗಳಲ್ಲಿ ನಿಮ್ಮ ಮದುವೆಯಾಯಿತು. ಮಾವನೇ ಆ ಹಾಳೆಯನ್ನು ರಟ್ಟಿಗೆ ಅಂಟಿಸಿ ಠಾಣೆಯ ಹೋಟೆಲಿನಲ್ಲಿ ತೂಗುಹಾಕಿದರು. ಗಿರಾಕಿಗಳಿಗೆಲ್ಲ, "ನಮ್ಮ ಅಳಿಯಂದು. ಐದಕ್ಕೆ ಐದು" ಎನ್ನುತ್ತಿದ್ದರು. ಒಂಬತ್ತು ವರ್ಷ ನಾನು ಅಲ್ಲಿಗೆ ಬಂದಾಗಲೆಲ್ಲ ಆ ಗೋಡೆಗೆ ಬೆನ್ನು ಮಾಡಿ ಕೂರುತ್ತಿದ್ದೆ. "ಇವನಿಗೆ ಫ್ಯಾನ್ ಕೆಳಗೇ ಬೇಕು" ಎಂದು ನೀನು ಚೇಷ್ಟೆ ಮಾಡುತ್ತಿದ್ದೆ. ಫ್ಯಾನಿಗಾಗಿ ಅಲ್ಲ ಜಯಶೀಲ. ನಿನ್ನ ಸಂಸಾರ ನನ್ನ ಪೆನ್ಸಿಲಿನ ತೂತಿನ ಮೇಲೆ ನಿಂತಿದೆ ಎಂಬ ಭಯ. ಈಗ ನೀನು ಅದರ ಕೆಳಗೆ ನನ್ನ ಕೈಯಿಂದಲೇ ಬರೆಸಲು ಹೊರಟೆ. ಚುಚ್ಚಿದ್ದು ಒಂದು ಗಳಿಗೆಯ ಕೆಲಸ. ಬರೆದದ್ದು ಹಾಗಲ್ಲ, ಗಾಜಿನೊಳಗೆ ಉಳಿಯುತ್ತದೆ. ಹತ್ತು ದಿನ ಪೆನ್ನು ಹಿಡಿದೆ, ಇಟ್ಟೆ. ನಿನ್ನೆ ನಿಶ್ಚಯ ಮಾಡಿದೆ: ನಿನಗೆ ಎಲ್ಲ ಹೇಳಿ, ಹಾಳೆಯನ್ನು ಖಾಲಿಯಾಗಿಯೇ ಮರಳಿಸುವುದು.

ಮರಳಿಸುವ ಮುಂಚೆ ಧೂಳು ಒರೆಸೋಣವೆಂದು ಒಣಬಟ್ಟೆ ಆಡಿಸಿದೆ. ತೇಪೆ ಕಳಚಿ ಬಿತ್ತು. ಅದರ ಹಿಂದಿನ ಅಂಟನ್ನೆಲ್ಲ ಜಿರಲೆಗಳು ತಿಂದುಬಿಟ್ಟಿದ್ದವು. (ಹೊಸ ಹೋಟೆಲಿನಲ್ಲಿ ಔಷಧಿ ಹೊಡೆಸು.) ತೇಪೆಯ ಕೆಳಗೆ ನನ್ನ ಒಂದು ತೂತು ಇರಬೇಕಿತ್ತು.

ಎರಡು ಇದ್ದವು.

ಕಿಟಕಿಯ ಹತ್ತಿರ ಒಯ್ದು ನೋಡಿದೆ. ಎರಡೂ ದುಂಡಗೆ, ಒಂದರ ಪಕ್ಕ ಒಂದು. ಆ ಹಾಳೆಗೆ ನಮ್ಮಿಬ್ಬರ ಹೊರತು ಬೇರೆ ಯಾರೂ ಹೊಡೆದಿಲ್ಲ. ಗಾಳಿಗೆ ತೇಪೆಯ ಮೂಲೆ ಮಡಚಿ ಎದ್ದಿದ್ದಾಗ ತೆರೆದ ಜಾಗದಲ್ಲೇ ನಿನ್ನ ಐದನೆಯ ಗುಂಡು ದಾಟಿಹೋಗಿತ್ತು. ಆಮೇಲೆ ನಾನೇ, ಈ ಅಂಗೈಯಿಂದಲೇ, ಅದರ ಮೇಲೆ ತೇಪೆ ಒತ್ತಿ ಮುಚ್ಚಿದ್ದೆ. ಒಬ್ಬನೇ ಕುಳಿತು ಎಷ್ಟು ಜೋರಾಗಿ ನಕ್ಕೆನೆಂದರೆ ಪಕ್ಕದ ಖೋಲಿಯ ಮೋಹಿನಿಬಾಯಿ ಬಂದು, "ಅಮೃತಪ್ಪಾ, ಕಾಯ್ ಝಾಲಂ?", ಏನಾಯಿತು, ಎಂದು ಕೇಳಿದರು. ನನ್ನ ದನಿ ಅವರಿಗೆ ಗೋಡೆಯಾಚೆ ಕೇಳಿಸಿದ್ದು ಅದೇ ಮೊದಲಂತೆ.

ಈಗ ಸಾಲು ಬರೆದಿದ್ದೇನೆ. ನೀನು ಹೇಳಿದ್ದಕ್ಕಿಂತ ಸ್ವಲ್ಪ ಉದ್ದವಾಯಿತು: "ಈ ಹಾಳೆಯಲ್ಲಿ ಏಳು ತೂತುಗಳಿವೆ. ಐದು ಜಯಶೀಲನವು. ಒಂದು ಅವನ ಗೆಳೆಯನದು. ಇನ್ನೊಂದು, ಗೆಳೆಯನಿಗೆ ನಂಬಿಕೆ ಸಾಲದೆ ಹೋದದ್ದು."

ಬೇಡವೆನಿಸಿದರೆ ಸಾಲನ್ನು ಕತ್ತರಿಸಿ ಹಾಕು, ಬೇಸರವಿಲ್ಲ. ಮಾವನಿಗೆ ಹೇಳುವುದು ಬಿಡುವುದು ನಿನ್ನಿಷ್ಟ. ಆದರೆ ತೇಪೆಯನ್ನು ಮಾತ್ರ ಮತ್ತೆ ಹಚ್ಚಬೇಡ. ಒಂಬತ್ತು ವರ್ಷ ಕತ್ತಲಲ್ಲಿ ಒಟ್ಟಿಗೆ ಕುಳಿತ ಆ ಎರಡೂ ಇನ್ನು ಮೇಲೆ ಬೆಳಕು ನೋಡಲಿ.

ಹೋಟೆಲು ತೆರೆಯುವ ದಿನ ಬರುತ್ತೇನೆ. ಈ ಸಲ ಗೋಡೆಗೆ ಮುಖ ಮಾಡಿ ಕೂರುತ್ತೇನೆ, ನನಗೊಂದು ಕುರ್ಚಿ ಹಿಡಿದಿಡು. ನಿನ್ನ ಕಾವಲಿ ಕಾದಿರಲಿ, ಕೈ ಅಲ್ಲಾಡದಿರಲಿ, ವಾರಿಜಾ ವೈನಿಯ ನಗು ಹಾಗೆಯೇ ಇರಲಿ.

ನಿನ್ನ ರವಿವಾರದ ಸಂಗಾತಿ,
ಅಮೃತಪ್ಪ