ಎರಡೂ ಕೈ ಕೆಸರಾದಾಗ

ಕುಮಟಾ, ಭಾನುವಾರ

ಅವ್ವಾ,

ಕಾರ್ಡು ಕಂಡು ಗಾಬರಿಯಾಗಬೇಡ, ನಾನೂ ನನ್ನ ಸಾಲಿ ಮಕ್ಕಳೂ ಆರಾಮ ಇದ್ದೇವೆ. ಫೋನಿನಲ್ಲಿ ಹೇಳಹೋದರೆ ನಡುವೆ ಇನ್ನೊಂದು ಕರೆ ಬರುತ್ತದೆ, ಅದಕ್ಕೇ ಬರೆದೆ.

ನಮ್ಮ ಮನೆಯೊಡತಿ ದುರ್ಗಕ್ಕನ ಮಗಳು ಸುಚಿತಾ ಗೋವಾದಿಂದ ರಜೆಗೆ ಬಂದಿದ್ದಾಳೆ. ಬಂದಾಗಿನಿಂದ ಮೊಬೈಲಿನಿಂದ ಕಣ್ಣೆತ್ತಿರಲಿಲ್ಲ. ದುರ್ಗಕ್ಕ ಬೈಯಲಿಲ್ಲ. ಇವತ್ತು ಕಡಲಿನ ಇಳಿತಕ್ಕೆ ಹೊಳೆಯ ನೀರು ತಗ್ಗಿದಾಗ ನಮ್ಮಿಬ್ಬರನ್ನೂ ಬಳಚು ಆರಿಸಲು ಕರೆದೊಯ್ದರು. ಬಳಚು ಎಂದರೆ ಕೆಸರಿನಲ್ಲಿ ಹುದುಗಿರುವ ಚಿಪ್ಪಿ, ಎರಡೂ ಕೈ ಹಾಕಿ ತಡಕಬೇಕು. ದಡದ ಮೇಲಿಟ್ಟ ಚೀಲದಲ್ಲಿ ಸುಚಿತಾಳ ಫೋನು ಹೊಡೆದುಕೊಂಡಿತು. ಅವಳು ದಡಕ್ಕನೆ ಎದ್ದಳು.

“ಕೈ ನೋಡ್ಕ ಮೊದ್ಲು. ಈ ಕೆಸರಲ್ಲಿ ಎಂತ ಫೋನು? ಬಡ್ಕಣ್ಲಿ ಬಿಡು,” ಎಂದರು ದುರ್ಗಕ್ಕ.

ಸುಚಿತಾ ಕೈ ನೋಡಿಕೊಂಡು ನಕ್ಕು ಮತ್ತೆ ಕೂತಳು. ಆಮೇಲೆ ಶುರುವಾದ ತಾಯಿ-ಮಗಳ ಮಾತು, ನೀರು ಮೊಣಕಾಲಿಗೆ ಏರಿದರೂ ಮುಗಿಯಲಿಲ್ಲ. ಬುಟ್ಟಿ ಅರ್ಧವೂ ತುಂಬಿರಲಿಲ್ಲ, ದುರ್ಗಕ್ಕನಿಗೆ ಅದರ ಚಿಂತೆಯೇ ಇರಲಿಲ್ಲ.

ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ತಪ್ಪದೆ ಹಚ್ಚಿಕೋ. ಜಾಗ ಮುಗಿಯಿತು, ನಾಳೆ ಬೆಳಿಗ್ಗೆಯೇ ಅಂಚೆ ಡಬ್ಬಿಗೆ ಹಾಕುತ್ತೇನೆ. ಎಳ್ಳಮಾವಾಸ್ಯೆಗೆ ಬರುತ್ತೇನೆ. ಸಜ್ಜೆ ಜಾಸ್ತಿ ಬೀಸಿಸಿಡು, ರೊಟ್ಟಿ ನಾವಿಬ್ಬರೇ ಬಡಿಯೋಣ. ಯಾರ ಫೋನು ಬಂದರೂ ಹಿಟ್ಟಿನಿಂದ ಕೈ ತೆಗೆಯಲು ನನ್ನನ್ನು ಬಿಡಬೇಡ.

ನಿನ್ನ ಗಿರಿಜಾ