ಬದಲಿ ಬಂದಿಲ್ಲ

ಜನವರಿ 9, ಬೆಳಿಗ್ಗೆ

ಮರುಭೂಮಿ ಗಾಳಿ ಶುರುವಾಗಿದೆ. ಬೆಂಚಿನ ಮೇಲೆಲ್ಲ ದೂಳು, ತುಟಿ ಒಡೆದಿದೆ. ಬಾರಿನವನ ಹಳದಿ ಕಂಪ್ಯೂಟರ್ ಕೊನೆಗೂ ಮುಗಿಯಿತು. ಹಳೇ ಪಿಕ್ಚರ್ ಟ್ಯೂಬ್ ಕಿತ್ತು ಎಂಟಿಂಚಿನ ಪ್ಯಾನೆಲ್ ಕೂರಿಸಿದೆ. ಒಳಗಿನ ಚೌಕಟ್ಟನ್ನು ಪಕ್ಕದ ಶವಪೆಟ್ಟಿಗೆ ಅಂಗಡಿಯವನೇ ಮರದಲ್ಲಿ ಮಾಡಿಕೊಟ್ಟ. ಹೊರಗೆ ಅಜ್ಜನ ಕಾಲದ ಡಬ್ಬ, ಒಳಗೆ ಮೊನ್ನೆ ಬಂದ ಪರದೆ. ಅದರಲ್ಲಿ ಬಿಯರಿನ ರೇಟು ತೋರಿಸುತ್ತಾನಂತೆ. ತೋರಿಸಲಿ.

ಹೆಂಡತಿ ಎಸಿನಮ್ ತಿಂಡಿಗೆ ಮೂರು ಸಲ ಕರೆದಳು. "ಇನ್ನೊಂದೇ ತಂತಿ" ಎಂದೆ.

"ಮದುವೆ ಆದಾಗಿಂದ ಆ ಒಂದೇ ತಂತಿ ಉಳ್ಕೊಂಡಿದೆ ನಿಂದು" ಎಂದಳು. ತಂತಿ ಮುಗಿಸಿ ಎದ್ದಾಗ ಜೋಳದ ಕೆಂಕೆ ಮುದ್ದೆ ಆರಿ ಕಲ್ಲಾಗಿತ್ತು.

ಮಧ್ಯಾಹ್ನ ಯಾರೋ ಟೇಮಾ ಬಂದರಿನ ಹಳೇ ಮಷೀನೊಂದನ್ನು ತರುತ್ತಾರಂತೆ.

ಅದೇ ದಿನ, ಸಂಜೆ 4

ಬಂದದ್ದು ನನ್ನ ಜೊತೆ ಬಂದರಿನಲ್ಲಿ ದುಡಿಯುತ್ತಿದ್ದ ಲಾರ್ಯಾ ಅಣ್ಣನ ಮಷೀನು.

ಬಲಗಡೆ ಅವನು ಚಾಕುವಿನಲ್ಲಿ ಕೆತ್ತಿದ್ದ ಗುರುತು ಹಾಗೇ ಇದೆ. ತಂದವಳು ಅವನ ಮಗಳು ಶೋರ್ಮೆ. ಅವನು ಸತ್ತಾಗ ನಾಲ್ಕು ವರ್ಷದ ಕೂಸು. ಈಗ ನಲವತ್ತರ ಹತ್ತಿರ. ಅಪ್ಪನದೇ ಹಣೆ.

"ಬಂದರಿನ ಗೋಡೌನ್ ಖಾಲಿ ಮಾಡ್ತಿದ್ರು ಅಂಕಲ್. ಅಪ್ಪನ ಮಷೀನ್ ಅಂತ ಒಬ್ರು ಹೇಳಿದ್ರು. ಅಪ್ಪ ಹೋದ ದಿನ ಬೆಳಿಗ್ಗೆ ಅವ್ರನ್ನ ಮೊದ್ಲು ನೋಡಿದ್ದು ನೀವೇ ಅಂತಲ್ಲ, ಅದಕ್ಕೇ ನಿಮ್ಮ ಹತ್ರಾನೇ ತಂದೆ."

ಬರುವ ತಿಂಗಳು ಅವಳ ತಾಯಿಗೆ ಎಪ್ಪತ್ತೈದು. ಹೊಸ ಪರದೆ ಹಾಕಿ, ಅಪ್ಪನ ಫೋಟೋಗಳು ಓಡುವಂತೆ ಮಾಡಿ ನಡುಮನೆಯಲ್ಲಿ ಇಡಬೇಕಂತೆ. ಅಪ್ಪನ ಕಡೆಯವರೂ ಬರುತ್ತಾರಾ ಎಂದು ಸುಮ್ಮನೆ ಕೇಳಿದೆ. ನಕ್ಕಳು.

"ಅವ್ರೆಲ್ಲಿ ಬರ್ತಾರೆ! ಅಮ್ಮ ಆ ರಾತ್ರಿ ಕಳಿಸಿದ ಬುತ್ತಿಯಲ್ಲೇ ಏನೋ ಇತ್ತು ಅಂತ ಇವತ್ತಿಗೂ ಅಂತಾರೆ. ನಮ್ಮ ಮನೆಲಿ ನೀರೂ ಮುಟ್ಟಲ್ಲ."

ನಗುವ ವಿಷಯವಲ್ಲ. ಅವಳಿಗೆ ಅಭ್ಯಾಸವಾಗಿಹೋಗಿದೆ.

ಜನವರಿ 11, ಬೆಳಿಗ್ಗೆ 10

ಟ್ಯೂಬ್ ತೆಗೆದೆ. ಉಳಿದಿದ್ದ ಕರೆಂಟನ್ನು ತಂತಿಯಿಂದ ಇಳಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ದೂಳು ಒರೆಸಲು ಅಂಗಳಕ್ಕೆ ತಂದೆ. ಬಿಸಿಲಿಗೆ ಓರೆಯಾಗಿ ಹಿಡಿದೆ.

ಗಾಜಿನ ಒಳಗೆ ಅಕ್ಷರಗಳಿವೆ.

ಒಂದೇ ಬರಹ ತಿಂಗಳುಗಟ್ಟಲೆ ಉರಿದರೆ ಹಸಿರು ಲೇಪ ಅಲ್ಲೇ ಸುಟ್ಟು ಕಂದಾಗುತ್ತದೆ. ಬ್ಯಾಂಕಿನ ಮಷೀನುಗಳಲ್ಲಿ ನೂರು ಸಲ ನೋಡಿದ್ದೇನೆ. ಆದರೆ ಇದು...

05.50 ಎದೆ ಹಿಡಿಯುತ್ತಿದೆ
06.00 ಬದಲಿ ಬಂದಿಲ್ಲ
06.40 ಬದಲಿ ಬಂದಿಲ್ಲ. ಎಡಗೈ ಏಳುತ್ತಿಲ್ಲ
07.05 ವೊರ್ಲಾನ್ಯೊ ಇನ್ನೂ

ಅಷ್ಟೇ. ನನ್ನ ಹೆಸರು. ಆಮೇಲೆ ಒಂದು ಚೌಕ ಕಲೆ, ಕರ್ಸರ್ ಮಿನುಗುತ್ತಾ ಕಾಯುತ್ತಿದ್ದ ಜಾಗ.

ಜನವರಿ 12

ಎಂದೂ ಬರೆದಿರಲಿಲ್ಲ. ಇಲ್ಲಿ ಬರೆಯುತ್ತೇನೆ. ಇದನ್ನು ಯಾರು ಓದುತ್ತಾರೆ?

ಬಂದರಿನ ತೂಕದ ಕೋಣೆಯಲ್ಲಿ ನಾವಿಬ್ಬರು. ಅವನದು ರಾತ್ರಿ ಪಾಳಿ, ನನ್ನದು ಬೆಳಿಗ್ಗೆ ಆರಕ್ಕೆ. ಕೋಕೋ ಲಾರಿಗಳು ಎಂಟಕ್ಕೆ ಮುಂಚೆ ಬರುತ್ತಿರಲಿಲ್ಲ, ಅಲ್ಲಿಯವರೆಗೆ ಆ ಮೂಲೆಗೆ ನರಪಿಳ್ಳೆ ಸುಳಿಯುತ್ತಿರಲಿಲ್ಲ. ಫೋನ್ ಸತ್ತು ವಾರವಾಗಿತ್ತು. ಪಾಳಿ ಬಿಡುವಾತ ಬದಲಿ ಆಳು ಎದುರಿಗೆ ಬಂದು ನಿಲ್ಲದೆ ಕೋಣೆ ಬಿಡುವಂತಿಲ್ಲ ಎಂಬ ನಿಯಮ. ಲಾರ್ಯಾ ಅಣ್ಣ ನಿಯಮದ ಮನುಷ್ಯ.

ಆ ದಿನ ನಾನು ಒಂದು ಊಟದ ಅಂಗಡಿಯ ಟಿವಿ ಬಿಚ್ಚಿಕೊಂಡು ಕೂತಿದ್ದೆ. ಇನ್ನೊಂದೇ ತಂತಿ, ಇನ್ನೊಂದೇ ತಂತಿ... ಕೋಣೆಗೆ ಹೋದಾಗ ಏಳೂ ಇಪ್ಪತ್ತು. ಅವನ ತಲೆ ಮೇಜಿನ ಮೇಲಿತ್ತು. ಮುಟ್ಟಿದೆ. ಉಸಿರಿರಲಿಲ್ಲ. ಬೆಚ್ಚಗಿದ್ದ.

ಹಾಜರಿ ಪುಸ್ತಕದಲ್ಲಿ ಆರು ಎಂದು ಬರೆದೆ. ಎಲ್ಲರಿಗೂ ಹೇಳಿದೆ: ಬಂದಾಗ ನಿದ್ದೆಯಲ್ಲಿದ್ದಾನೆ ಅಂದುಕೊಂಡೆ, ಅಂಗಳ ಸುತ್ತಿ ಬಂದು ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ತಣ್ಣಗೆ ಎಂಬ ಆ ಒಂದು ಮಾತು ಸಾಕಾಯಿತು. ಹಾಗಾದರೆ ಅವನು ಸತ್ತದ್ದು ರಾತ್ರಿ, ಊಟದ ಮೇಲೆ. ಊಟ ಕಳಿಸಿದ್ದು ಹೆಂಡತಿ. ಮುಂದಿನದನ್ನು ಅವನ ಕಡೆಯವರು ಕಟ್ಟಿಕೊಂಡರು. ನಾನು ಬಾಯಿ ಬಿಡಲಿಲ್ಲ.

ಜನವರಿ 13

ನಿನ್ನೆ ಅರ್ಧಕ್ಕೇ ನಿಲ್ಲಿಸಿದೆ. ಪರದೆಯ ವಿಷಯ ಬರೆಯಲು ಕೈ ಬರಲಿಲ್ಲ.

ಆ ಸಾಲುಗಳನ್ನು ಅಂದೇ ನೋಡಿದ್ದೆ. ಅವು ಪಾಳಿಯ ದಿನಚರಿಯ ಸಾಲುಗಳು, ಅಳಿಸಲು ಅವನ ಪಾಸ್‌ವರ್ಡ್ ಬೇಕು. ಆರಿಸೋಣವೆಂದರೆ ಸ್ವಿಚ್ ಅವನ ಮೊಣಕಾಲಿನ ಹಿಂದೆ, ಅವನನ್ನು ಸರಿಸಬೇಕು. ಆಗಲಿಲ್ಲ. ಎಂಟಾಗುತ್ತಿದ್ದಂತೆ ಹೊರಗೆ ಬೂಟಿನ ಸದ್ದಾಯಿತು. ಕಿಟಕಿಯ ಕಪ್ಪು ಪರದೆ ಎಳೆದು ಮಾನಿಟರಿನ ಮೇಲೆ ಹೊದಿಸಿಬಿಟ್ಟೆ.

ನಮ್ಮಲ್ಲಿ ಸತ್ತವನ ಮೇಜಿಗೆ ಕಪ್ಪು ಬಟ್ಟೆ ಹೊದಿಸಿದರೆ ಮಣ್ಣು ಮಾಡುವವರೆಗೆ ಯಾರೂ ಮುಟ್ಟುವುದಿಲ್ಲ. ಬಂದವರೆಲ್ಲ ನನ್ನನ್ನು ಹೊಗಳಿದರು. "ಸಣ್ಣ ವಯಸ್ಸಾದ್ರೂ ನೋಡು, ಎಷ್ಟು ಮರ್ಯಾದೆ ಗೊತ್ತು ಇವನಿಗೆ!" ಎಂದಳು ಕಸ ಗುಡಿಸುವ ಮುದುಕಿ. ನಾಳೆ ಯಾರೂ ಇಲ್ಲದಾಗ ಆರಿಸಿದರಾಯಿತು ಎಂದುಕೊಂಡೆ. ಮಾರನೆಯ ದಿನ ಆ ಮುದುಕಿ ಬಟ್ಟೆಗೆ ಕೆಂಪು ದಾರ ಬಿಗಿದು ಗಂಟು ಹಾಕಿದ್ದಳು. ಇನ್ನು ಬೆಳಕು ಆರಿದರೆ ಯಾರೋ ಮುಟ್ಟಿದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಮಣ್ಣು ಮಾಡಲು ಹನ್ನೊಂದು ತಿಂಗಳು ಹಿಡಿಯಿತು. ಹೆಂಡತಿ ತಪ್ಪು ಒಪ್ಪಿಕೊಳ್ಳಲಿ ಎಂದು ಅವನ ಕಡೆಯವರು, ಒಪ್ಪುವುದಿಲ್ಲ ಎಂದು ಅವಳು. ಹೆಣ ಶವಾಗಾರದ ಫ್ರಿಜ್ಜಿನಲ್ಲಿ. ಮಷೀನು ಬಂದರಿನ ಬ್ಯಾಟರಿಯಲ್ಲಿ ಉರಿಯುತ್ತಲೇ ಇತ್ತು. ಬಟ್ಟೆಯ ನೇಯ್ಗೆಯಿಂದ ಹಸಿರು ಬೆಳಕು ಸೋರುತ್ತಿತ್ತು. ಮುದುಕಿ ಅದರ ಮೇಲೆ ಕೈಯಿಟ್ಟು "ಇನ್ನೂ ಬೆಚ್ಚಗಿದ್ದಾನೆ ಪಾಪ" ಎನ್ನುತ್ತಿದ್ದಳು. ನಾನು ಮೂರು ಮಾರು ದೂರದಲ್ಲಿ ಬೆನ್ನು ಹಾಕಿ ಕೂತು ಲಾರಿ ತೂಗುತ್ತಿದ್ದೆ.

ಮಣ್ಣಾದ ದಿನ ನಾನೇ ಆರಿಸಿದೆ. ಎಲ್ಲ ಅಳಿಸಿಹೋಯಿತು ಅಂದುಕೊಂಡೆ. ಮುಚ್ಚಿಟ್ಟದ್ದಕ್ಕೇ ಅದು ಗಾಜಿನಲ್ಲಿ ಉಳಿದುಬಿಟ್ಟಿದೆ.

ಜನವರಿ 20

ಹೊಸ ಪ್ಯಾನೆಲ್ ಕೂತಿತು. ಚೆನ್ನಾಗಿ ಕೂತಿತು, ಹಾಳಾದ್ದು. ಅದೇ ಹಸಿರಿನಲ್ಲಿ ಅಕ್ಷರ ಬರುವಂತೆ ಮಾಡಿದ್ದೇನೆ. ಪರೀಕ್ಷೆಗೆಂದು ಮೂರು ದಿನ ಒಂದೇ ಚಿತ್ರ ಬಿಟ್ಟೆ. ಆರಿಸಿದರೆ ಶುಭ್ರ ಕಪ್ಪು. ಹೊಸ ಪರದೆಗಳಲ್ಲಿ ಏನೂ ಉಳಿಯುವುದಿಲ್ಲ.

ಆದರೂ ಆರಿದ ಪರದೆಯಲ್ಲಿ ನನ್ನ ಮುಖದ ಮೇಲೆ ಆ ನಾಲ್ಕು ಸಾಲು ಕಾಣುತ್ತವೆ. ಕಣ್ಣಿನ ದೋಷ. ಕನ್ನಡಕ ಬದಲಿಸಬೇಕು.

ಶೋರ್ಮೆ ಫೋನ್ ಮಾಡಿದ್ದಳು. "ಹಳೇ ಟ್ಯೂಬ್ ಬಿಸಾಕ್ಬಿಡಿ ಅಂಕಲ್, ಅದ್ಯಾಕೆ ನಮ್ಗೆ?" ಎಂದಳು. ಅವಳ ಬಾಯಿಂದಲೇ ಬಂತು. ನಾಳೆ ಶನಿವಾರ, ಗುಜರಿ ಗಾಡಿ ಬರುತ್ತದೆ.

ಜನವರಿ 21, ಶನಿವಾರ

ಟ್ಯೂಬನ್ನು ಗೋಣಿಚೀಲಕ್ಕೆ ಹಾಕಿದೆ. ಕುತ್ತಿಗೆಯ ತುದಿಗೆ ಇಕ್ಕಳ ಇಟ್ಟೆ. ಅಲ್ಲಿ ಚಿವುಟಿದರೆ ಗಾಳಿ ಒಳನುಗ್ಗುವ ಸದ್ದು, ಆಮೇಲೆ ಸುತ್ತಿಗೆ. ಸಾವಿರ ಟ್ಯೂಬಿಗೆ ಮಾಡಿದ್ದೇನೆ.

ಗುಜರಿಯವನು ಗಂಟೆ ಬಾರಿಸಿದ, ಕೂಗಿದ, ಬೈದುಕೊಂಡು ಹೋದ. ಇಕ್ಕಳ ಕೈಯಲ್ಲೇ ಇತ್ತು.

ಟ್ಯೂಬನ್ನು ಕಪಾಟಿನ ಮೇಲಿಟ್ಟು ಬಟ್ಟೆ ಹೊದಿಸಿದೆ. ಕೈಗೆ ಸಿಕ್ಕಿದ್ದು ಕಪ್ಪು ಬಟ್ಟೆಯೇ. ಎಸಿನಮ್ ಬಾಗಿಲಲ್ಲಿ ನಿಂತು "ಯಾರು ಸತ್ರು?" ಎಂದು ಕೇಳಿದಳು.

ಜನವರಿ 27

ಇಂದು ಪೇಟೆಯಿಂದ ಬಂದಾಗ ಟ್ಯೂಬ್ ಅಂಗಳದಲ್ಲಿತ್ತು. ಎಸಿನಮ್ ಅದನ್ನು ಮಡಿಲಲ್ಲಿಟ್ಟುಕೊಂಡು ಬಿಸಿಲಿಗೆ ಕೂತಿದ್ದಳು.

"ಇದು ನಿನ್ನ ಹೆಸ್ರು."

"ಹೌದು."

"ಆರಕ್ಕೇ ಹೋಗಿದ್ದೆ ಅಂದಿದ್ದೆ. ನಂಗೂ ಹಾಗೇ ಹೇಳಿದ್ದೆ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಲಾರ್ಯಾ ಹೆಂಡ್ತಿ ಮಾರ್ಕೆಟ್ಟಲ್ಲಿ ಸಿಕ್ಕಾಗೆಲ್ಲ ನಾನೂ ಮುಖ ತಿರುಗಿಸ್ಕೊಂಡು ಬಂದಿದೀನಿ ಕಣೋ. ಮೂವತ್ತೈದು ವರ್ಷ. ಅವಳ ಕೈಯಿಂದ ಒಂದು ಟೊಮ್ಯಾಟೊ ಕೂಡ ತಗೊಂಡಿಲ್ಲ."

ರಾತ್ರಿ ಊಟಕ್ಕೆ ಕರೆಯಲಿಲ್ಲ. ತಟ್ಟೆ ಮುಚ್ಚಿಟ್ಟಿದ್ದಳು. ನಾಚಿಕೆಯಾಗುತ್ತಿದೆ. ಭಯವೂ ಇದೆ, ಭಯವೇ ಹೆಚ್ಚು. ಊರಿನಲ್ಲಿ ನನಗೆ ಒಳ್ಳೆಯ ಹೆಸರಿದೆ. ಲಾರ್ಯಾನಿಗೆ ಬಟ್ಟೆ ಹೊದಿಸಿದವನು ಎಂದೇ ಹಳಬರು ಗುರುತು ಹಿಡಿಯುತ್ತಾರೆ.

ಫೆಬ್ರವರಿ 3, ಬೆಳಿಗ್ಗೆ 9

ಮೊನ್ನೆ ಶೋರ್ಮೆಗೆ ಫೋನ್ ಮಾಡಿದೆ: ಮಷೀನು ಸಿದ್ಧ, ಅಮ್ಮನನ್ನೂ ಕರೆದುಕೊಂಡು ಬಾ, ಅಪ್ಪನ ಅಣ್ಣತಮ್ಮಂದಿರಲ್ಲಿ ಒಬ್ಬರಾದರೂ ಬರಲಿ. "ಅವ್ರು ಬರಲ್ಲ ಅಂಕಲ್" ಎಂದಳು. ಹಾಗಾದರೆ ಟ್ಯೂಬ್ ಎತ್ತಿಕೊಂಡು ಅವರ ಮನೆಗೆ ನಾನೇ ಹೋಗುತ್ತೇನೆ. ಹತ್ತಕ್ಕೆ ತಾಯಿ ಮಗಳು ಬರುತ್ತಾರೆ.

ಮೇಜಿನ ಮೇಲೆ ಎರಡನ್ನೂ ಇಟ್ಟಿದ್ದೇನೆ, ಹೊಸ ಪರದೆಯ ಮಷೀನು, ಪಕ್ಕದಲ್ಲಿ ಕಿಟಕಿಯ ಬಿಸಿಲಿಗೆ ಹಳೇ ಟ್ಯೂಬ್. ಬಟ್ಟೆಯನ್ನು ಎಸಿನಮ್ ಒಲೆಗೆ ಹಾಕಿದಳು.

10.00

ಬಂದಿಲ್ಲ.

10.40

ಬಂದಿಲ್ಲ. ಬರದಿದ್ದರೆ ಸಾಕು ಅನಿಸುತ್ತದೆ. ಛೀ. ಬೀದಿಯ ಪ್ರತಿ ಸದ್ದಿಗೂ ಎದ್ದು ಎದ್ದು ಕೂರುತ್ತಿದ್ದೇನೆ. ಗಡಿಯಾರ ಇಷ್ಟು ನಿಧಾನವೆಂದು ಗೊತ್ತಿರಲಿಲ್ಲ. ಅವನಿಗೆ ಎದೆನೋವಿನ ಜೊತೆ ಇದೂ ಇತ್ತು.

11.05

ಟ್ಯಾಕ್ಸಿ ಬಾಗಿಲು. ಇಬ್ಬರ ಹೆಜ್ಜೆ, ಒಂದು ಊರುಗೋಲು. ಎಸಿನಮ್ ಗೇಟು ತೆಗೆದಳು. "ಬನ್ನಿ ಅಕ್ಕಾ, ಒಳಗೆ ಬನ್ನಿ" ಎನ್ನುತ್ತಿದ್ದಾಳೆ. ಎದುರಿಗೆ ನಿಂತರೆ ನಾಲಿಗೆ ತಪ್ಪಿಸಿಕೊಳ್ಳುತ್ತದೆ, ಇಲ್ಲಿ ಬರೆದುಕೊಂಡು ಹೋಗಿ ಓದಿಬಿಡುತ್ತೇನೆ. ಮೊದಲ ಮಾತು ಇದು. ಅಮ್ಮಾ, ನಿಮ್ಮ ಬುತ್ತಿಯಲ್ಲಿ ಏನೂ ಇರಲಿಲ್ಲ. ಆ ದಿನ ಆರಕ್ಕೆ ನಾನು